ಕಿರೀಟಕ್ಕೆ ಗೆದ್ದಲು ಹಿಡಿದ ವರ್ಷ

ಅಪ್ಪ ಬಿದಿರಿನ ಪೆಟ್ಟಿಗೆಯೊಳಗೆ ಕೈಯಿಟ್ಟು ಕಿರೀಟ ಎತ್ತಿದ. ಅರ್ಧ ಮಾತ್ರ ಕೈಗೆ ಬಂತು... ಉಳಿದದ್ದು ಮಣ್ಣಾಗಿ ಉದುರಿತು.

ಗೆದ್ದಲು.

ಅರವತ್ತರ ದಶಕದ ಶುರುವಿನ ಮಾತು. ಸುಗ್ಗಿ ಮುಗಿದಿತ್ತು, ಕಣಕಟ್ಟೆ ಹತ್ತಿರದ ನಮ್ಮೂರಲ್ಲಿ ಮಾರನೇ ದಿನ ಮೂಡಲಪಾಯ ಯಕ್ಷಗಾನದ ಆಟ. ಅಪ್ಪನದು ರಾಜವೇಷ. ನಾನು ಮಿಡ್ಲ್ ಸ್ಕೂಲಿನ ಹುಡುಗಿ, ಜಗಲಿ ಕಂಬ ಹಿಡಿದು ನಿಂತಿದ್ದೆ.

ಆ ವೇಷದ ಸಾಮಾನು ಕೆತ್ತಿದ್ದು ನಮ್ಮ ತಾತ. ಹಗುರ ಮರದ ಕಿರೀಟ, ಹೆಗಲಿಗೆ ಕಟ್ಟುವ ಭುಜಕೀರ್ತಿ, ಎದೆಹಾರ. ಎಲ್ಲದರ ಮೇಲೂ ಹೊಳೆಯುವ ಬೇಗಡೆ, ಕನ್ನಡಿ ಚೂರು. ಅದನ್ನು ತೊಟ್ಟರೆ, ದಿನಾ ತೆಂಗಿನತೋಟದಲ್ಲಿ ಪಾತಿ ಮಾಡುವ ನಮ್ಮಪ್ಪ ನನಗೇ ಗುರುತು ಸಿಗುತ್ತಿರಲಿಲ್ಲ.

ಆಟ ಮುಗಿದ ಮೇಲೆ ಎಲ್ಲ ಪೆಟ್ಟಿಗೆ ಸೇರಿ, ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು. ಮುಂದಿನ ಆಟದ ತನಕ ಅದನ್ನು ತೆರೆಯುವಂತಿಲ್ಲ, ನಮ್ಮ ಮನೆ ಪದ್ಧತಿ. ಹೊಗೆಯಾಡುವ ಕಡೆ ಹುಳ ಬರಲ್ಲ ಅನ್ನುವುದು ತಾತನಿಗೆ ಗೊತ್ತಿತ್ತು. ಅಪ್ಪನಿಗೆ ಹೇಳಿಕೊಡದೆ ಹೋಗಿಬಿಟ್ಟಿದ್ದ.

ಅವ್ವ ಹಳೇಬೀಡಿನ ಕಡೆಯವಳು. ಆಟಕ್ಕೆ ಮುಂಚೆ ಕಿರೀಟವನ್ನು ಮಣೆ ಮೇಲಿಟ್ಟು ಕಾಯಿ ಒಡೆಯುವುದನ್ನು ಪ್ರತಿ ವರ್ಷ ನೋಡುತ್ತಿದ್ದಳು. ಪೂಜೆ ಮಾಡಿಸಿಕೊಳ್ಳುವ ವಸ್ತು ಮಸಿಯಲ್ಲಿ ಬಿದ್ದಿರಬಾರದು ಅಂತ ಅವಳಿಗೆ.

ಆ ಆಟಕ್ಕೆ ಹಿಂದಿನ ಮುಂಗಾರಿಗೆ ಮುಂಚೆ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಮೇಲಿನ ಮಸಿ ಒರೆಸಿ, ವಿಭೂತಿ ಹಚ್ಚಿ, ದೇವರಮನೆಯ ಮಣ್ಣು ನೆಲದ ಮೇಲೆ ಇಟ್ಟಳು. ಅಪ್ಪನನ್ನೂ ಕೇಳಿದಳು. ನಾನಿದ್ದೆ, ಕಿವಿಯಾರೆ ಕೇಳಿಸಿಕೊಂಡಿದ್ದೇನೆ.

"ಒಳ್ಳೇದಾಯ್ತು ಬಿಡು, ದೇವ್ರ ತಾವೇ ಇರ್ಲಿ" ಅಂದ ಅಪ್ಪ. ಮಳೆಗಾಲವಿಡೀ ಬೆಳಿಗ್ಗೆ ಅದರ ಪಕ್ಕದಲ್ಲೇ ಕೂತು ಲಿಂಗಪೂಜೆ ಮಾಡಿಕೊಂಡ.

ಈಗ, ಆಟದ ಹಿಂದಿನ ದಿನ, ಆ ಪೆಟ್ಟಿಗೆ ಜಗಲಿಯಲ್ಲಿದೆ. ಅಪ್ಪ ಭುಜಕೀರ್ತಿ ಎತ್ತುತ್ತಾನೆ... ಬರೀ ಬೇಗಡೆ ಬರುತ್ತದೆ, ಒಳಗೆ ಮರವೇ ಇಲ್ಲ. ಆಟ ಕಲಿಸುವ ಭಾಗವತರು, ಅಪ್ಪನಿಗೆ ವರಸೆಯಲ್ಲಿ ಚಿಕ್ಕಪ್ಪ, ಪಕ್ಕದಲ್ಲೇ ಕೂತಿದ್ದಾರೆ.

"ಅಟ್ಟದ್ ಮ್ಯಾಲಿಂದ ಇದನ್ನ ಇಳಿಸ್ದೋರ್ ಯಾರ್ಲಾ?"

"ನಾನೇ ಮಾವಯ್ಯ" ಅಂದಳು ಅವ್ವ ಬಾಗಿಲ ಹತ್ತಿರದಿಂದ. "ದೇವ್ರ ಮನೇಲಿ ಇಟ್ಟಿದ್ದೆ."

ಭಾಗವತರು ಅವಳ ಕಡೆ ತಿರುಗಲೂ ಇಲ್ಲ. "ನಿಮ್ಮಪ್ಪ ಕೆತ್ತಿದ್ದು ಕಣ್ಲಾ. ಮನೆಗ್ ಬಂದೋಳು ಮಣ್ಣು ಮಾಡಿದ್ಲು" ಅಂದರು ಅಪ್ಪನಿಗೆ.

ಅವ್ವ ಅಪ್ಪನ ಮುಖ ನೋಡುತ್ತಾಳೆ. ನಾನೂ ನೋಡುತ್ತೇನೆ. 'ನಾನೇ ಇರ್ಲಿ ಅಂದಿದ್ದೆ' ಅಂತ ಅಪ್ಪನ ಬಾಯಿಂದ ಒಂದು ಮಾತು, ಅಷ್ಟೇ ಬೇಕಿತ್ತು.

ಅಪ್ಪ ಅಂಗೈಯ ಮಣ್ಣು ಕೊಡವಿಕೊಂಡು ತೋಟದ ಕಡೆ ನಡೆದ.

ಮಾರನೇ ದಿನ ಅರಸೀಕೆರೆಯಿಂದ ಬಸ್ಸಿನಲ್ಲಿ ರಟ್ಟಿನ ಕಿರೀಟ ಬಂತು. ಅಪ್ಪ ಅದನ್ನು ಮುಟ್ಟಲಿಲ್ಲ, ವೇಷ ಬೇರೆಯವರು ಕಟ್ಟಿದರು. ಆಮೇಲೆ ಅವನು ಕಾಲಿಗೆ ಗೆಜ್ಜೆ ಕಟ್ಟಲೇ ಇಲ್ಲ.

ಎಂಥಾ ಕುಣಿತ ನಿಂತುಹೋಯ್ತಲ್ಲಪ್ಪ ಅಂತ ಊರೆಲ್ಲ ಅಪ್ಪನಿಗೆ ಮರುಗಿತು. ಅವ್ವನಿಗೆ ಗೆದ್ದಲಮ್ಮ ಅಂತ ಹೆಸರಿಟ್ಟರು. ಬಾವಿ ಕಟ್ಟೆಯಲ್ಲೂ ಅದೇ, ಮದುವೆ ಮನೆಯಲ್ಲೂ ಅದೇ. ಅವಳು ತಲೆ ತಗ್ಗಿಸಿಕೊಂಡು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು.

ಅಪ್ಪ ಅವಳನ್ನು ಒಂದು ದಿನವೂ ಬೈಯಲಿಲ್ಲ. ದೊಡ್ಡ ಮನಸ್ಸು ಅಂತ ಅದಕ್ಕೂ ಅವನಿಗೇ ಹೊಗಳಿಕೆ.

ಮೊನ್ನೆ ಈ ಗ್ರೂಪಿನಲ್ಲಿ ಒಬ್ಬರು ಮೂಡಲಪಾಯದ ಹಳೇ ಫೋಟೋ ಶೇರ್ ಮಾಡಿದ್ದರು. ಎಲ್ಲರೂ ಲೈಕ್ ಒತ್ತಿದ್ದರು, ನನ್ನ ಕೈಲಿ ಆಗಲಿಲ್ಲ. ಅದಕ್ಕೇ ಇಷ್ಟು ಬರೆದೆ.

ಅವ್ವ ಹಾಸಿಗೆ ಹಿಡಿದಿದ್ದಾಗ ಕೇಳಿಯೇಬಿಟ್ಟಿದ್ದೆ. "ಅಲ್ಲೇ ಇರ್ಲಿ ಅಂತ ಅಪ್ಪನೇ ಅಂದಿತ್ತಲ್ಲವ್ವ, ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

ಅವ್ವ ನನ್ನನ್ನೇ ನೋಡಿದಳು. ನಾನೇನೋ ಸುಳ್ಳು ಹೇಳುತ್ತಿದ್ದೇನೆ ಅನ್ನುವ ಹಾಗೆ.

"ಅವ್ರೆಲ್ಲಿ ಹಂಗಂದ್ರು? ಇಲ್ಲ ಕಣೇ... ನಾನೇ ಕೆಡಿಸಿದ್ದು."

ಹೇಳಿ, ನಾನು ಇನ್ನು ಯಾರ ಹತ್ತಿರ ಹೋಗಿ ನಿಜ ಹೇಳಲಿ?