ಪಕ್ಕಾಸಿಗೊಂದು ಕೊಕ್ಕೆ

ಮಿಸ್ಸಿಸಾಗದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಾನು ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುತ್ತಿದ್ದೆ. 2011ರ ಸುಮಾರಿನ ಒಂದು ಮಾರ್ಚ್ ತಿಂಗಳಲ್ಲಿ ಮಾಡಿನ ನೀರು ಹಿಡಿಯುವ ಅಂಚಿನ ಗಟರು ಜೋತುಬಿದ್ದು, ಹಿಮ ಕರಗಿದ ನೀರೆಲ್ಲ ಗೋಡೆಗುಂಟ ಇಳಿದು ಕೆಳಗೆ ಬಂತು. ಕುಣಿಯಲೆಂದೇ ಹಾಕಿಸಿದ್ದ ಮರದ ನೆಲ ಹಪ್ಪಳದಂತೆ ಉಬ್ಬಿತು. ಹೊಸ ನೆಲ ಹಾಕಿಸುವಾಗ ಗಂಡ ಖಡಾಖಂಡಿತವಾಗಿ ಹೇಳಿದರು: "ಇನ್ನೊಂದು ಸಲ ನೀರು ಬಂದ್ರೆ ಕ್ಲಾಸು ಬಂದ್. ಮತ್ತೆ ನನ್ನತ್ರ ಎಂತ ಕೇಳ್ಬೇಡ ಮಾರಾಯ್ತಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಹಿಂದಿನ ಬೇಸಿಗೆಯಲ್ಲಿ ಆ ಗಟರು ಕಟ್ಟಿಸಿದ್ದು ನನ್ನದೇ ಯಜಮಾನಿಕೆಯಲ್ಲಿ. ಉಡುಪಿಯ ಮಳೆ ಕಂಡವಳಿಗೆ ಇಲ್ಲಿಯದು ಯಾವ ಲೆಕ್ಕ ಎಂದು ನಾಲ್ಕು ಅಡಿಗೊಂದರಂತೆ ಮೊಳೆ ಹೊಡೆಸಿದ್ದೆ.

ನಮ್ಮ ಬೀದಿಯಲ್ಲೇ ಧಾರವಾಡದ ನಿವೃತ್ತ ಇಂಜಿನಿಯರ್ ಒಬ್ಬರಿದ್ದರು. ನಮಗೆಲ್ಲ ಅವರು ಕಾಕಾ. ಬಂದು ಕತ್ತೆತ್ತಿ ನೋಡಿದರು.

"ಇದನ್ನ ನೀ ಮಳಿಗೆ ಕಟ್ಟೀ ತಂಗಿ. ಐಸಿಗೆ ಕಟ್ಟಿಲ್ಲ."

ಹೌದಲ್ಲ! ಊರಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿಗೆ ನೀರು ಹರಿಯಲು ಅಡಿಕೆ ಮರ ಸೀಳಿದ ದಂಬೆ ಕಟ್ಟುತ್ತಿದ್ದೆವು, ಮಳೆ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದೆವು. ಮಳೆ ನಿಂತರೆ ಅದಕ್ಕೆ ರಜೆ. ಇಲ್ಲಿ ಐಸು ಕಟ್ಟಿ ನಿಜವಾದ ಭಾರ ಏರುವುದೇ ಆಮೇಲೆ. ಇಷ್ಟು ಚಳಿಗಾಲ ಕಳೆದರೂ ಅದು ನನ್ನ ತಲೆಗೆ ಹೋಗಿರಲಿಲ್ಲ.

ಮರುದಿನವೇ ನಾನು, ಗಂಡ ಹಾರ್ಡ್‌ವೇರ್ ಅಂಗಡಿಗೆ ಓಡಿದೆವು. ಅಬ್ಬಾ, ಗಟರು ಬಿಗಿಯಲು ಎಷ್ಟು ಬಗೆಯ ಸಾಮಾನು! ಮೊಳೆಯ ಕಡೆ ತಿರುಗಿಯೂ ನೋಡಲಿಲ್ಲ, ಅದರ ಪಾಠ ಆಗಿತ್ತು. ಮಾಡಿನ ಶಿಂಗಲ್ ಹೊದಿಕೆಯ ಅಡಿ ತೂರಿಸುವ ಪಟ್ಟಿ ಗಟ್ಟಿಯಾಗಿತ್ತು, ಆದರೆ ಅದಕ್ಕೆ ಆ ಹೊದಿಕೆಯನ್ನೇ ಎಬ್ಬಿಸಬೇಕು. ಕೊನೆಗೆ ಸಿಕ್ಕಿತು ನೋಡಿ, ಗಟರಿನ ಒಳಗೇ ಕೂರುವ ದಪ್ಪ ಕೊಕ್ಕೆ. ಮುಂದೆ ಗಟರಿನ ಅಂಚನ್ನು ಕಚ್ಚಿ ಹಿಡಿಯುತ್ತದೆ, ಹಿಂದೆ ಉದ್ದದ ಸ್ಕ್ರೂ ಮರಕ್ಕೆ ಇಳಿಯುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡಿದೆ. ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಖುಷಿಗೆ ಅಲ್ಲೇ ಒಂದು ಹೆಜ್ಜೆ ಹಾಕಿಬಿಟ್ಟೆ.

"ಮದುವೆ ಸೀರೆಗೂ ನೀನು ಇಷ್ಟು ಹೊತ್ತು ಮಾಡ್ಲಿಲ್ಲ," ಎಂದರು ಗಂಡ.

"ಸೀರೆ ಮೇಲೆ ಐಸು ಬೀಳುದಿಲ್ಲಲ್ಲ!"

ಈ ಸಲ ಕಾಕಾ ಕೆಳಗೆ ನಿಂತು ಹೇಳುತ್ತಾ ಹೋದರು. ಮಾಡನ್ನು ಹೊತ್ತ ಒಂದೊಂದು ಪಕ್ಕಾಸಿನ ತುದಿ ಹುಡುಕಿ, ಒಂದನ್ನೂ ಬಿಡದೆ ಕೊಕ್ಕೆ ಹಾಕಿದೆವು. ಏಣಿ ಹತ್ತಿದ್ದು ನಾನೇ.

ಮತ್ತೆ ಮಾರ್ಚ್ ಬಂತು. ಒಂದು ಭಾನುವಾರ ಬಿಸಿಲು ಬಿದ್ದು, ಮಾಡಿನ ಹಿಮ ಕರಗತೊಡಗಿತು. ಕೆಳಗೆ ಕ್ಲಾಸು ನಡೆದಿತ್ತು. ಬಾಯಲ್ಲಿ ತಾಳ, ಜೀವವೆಲ್ಲ ಗೋಡೆಯ ಮೇಲೆ. ತಡೆಯಲಾರದೆ ಮಕ್ಕಳನ್ನು ಬಿಟ್ಟು ಅಂಗಳಕ್ಕೆ ಓಡಿದೆ. ಗಟರಿನ ತುಂಬ ಐಸು, ಆದರೂ ಅದು ಒಂದಿಂಚೂ ಜಗ್ಗಿರಲಿಲ್ಲ. ಕರಗಿದ ನೀರು ಐಸಿನ ಸಂದಿಯಿಂದ ನುಸುಳಿ ಪೈಪಿನಲ್ಲಿ ದಬದಬ ಇಳಿದು ದೂರ ಹರಿಯುತ್ತಿತ್ತು.

ವಾಪಸು ಬಂದರೆ ಗಂಡ ಬೇಸ್‌ಮೆಂಟಿನಲ್ಲಿ! ಮಕ್ಕಳ ನಡುವೆ ಹಾದು, ಹೋದ ವರ್ಷ ನೀರು ನಿಂತಿದ್ದ ಮೂಲೆಗೆ ಕಾಲುಚೀಲದಲ್ಲೇ ಹೋಗಿ ನಿಂತಿದ್ದರು. ಗೋಡೆ ಸವರಿ ನೋಡಿದರು. ಒಂದು ಕಾಲೆತ್ತಿ ಅಂಗಾಲು ಮುಟ್ಟಿದರು, ಮತ್ತೊಂದನ್ನೂ ಮುಟ್ಟಿದರು.

"ಒಣಗಿಯೇ ಉಂಟು," ಎಂದರು. ನಾನು ಉಸಿರು ಬಿಡುವ ಮೊದಲೇ ಸೊಂಟಕ್ಕೆ ಕೈಯಿಟ್ಟು ಆ ಮೂಲೆಯಲ್ಲೇ "ಧೀಂ ತಕಿಟ" ಎಂದು ನೆಲ ನಡುಗುವಂತೆ ಒಂದು ಹೆಜ್ಜೆ ಹಾಕಿದರು. ತಾಳ ತಪ್ಪಿತ್ತು. ನಾನು ತಿದ್ದಲಿಲ್ಲ.