ಕೆಂಪು ಚೀಲದಲ್ಲಿ ನಾನಿಟ್ಟ ವಿಭೂತಿ ಗಟ್ಟಿ

ಈರಣ್ಣ, ಆ ಯಂತ್ರವನ್ನು ಕೆಂಪು ಚೀಲದಿಂದ ತೆಗೆದವಳು ನಾನು. ನೀವು ಮರೆತಿರಲಿಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾದವು — ಥೂ, ನನ್ನ ಬಾಯಿಗೆ ಬೆಂಕಿ ಬೀಳಲಿ.

ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ ನೀವೂ ನಿಮ್ಮ ಗೆಳೆಯರಾದ ನಮ್ಮವರೂ ಒಂದು ಬೇಸಿಗೆಯಿಡೀ ಜಗಳಾಡಿದ್ದು ನೆನಪಿದೆ. ನಮ್ಮವರಿಗೆ ಗ್ಲೈಡರಿನ ಹುಚ್ಚು. ಎಂಜಿನ್ನಿಲ್ಲದ ವಿಮಾನ, ಗಾಳಿಯನ್ನೇ ನಂಬಿ ಹಾರುವಂಥದು. ಕಿತ್ತೂರ ಕಡೆಯ ಮೈದಾನದಿಂದ ಎದ್ದು, ಸವದತ್ತಿ ದಾಟಿ, ರಾಮದುರ್ಗ ಮುಟ್ಟಬೇಕೆಂಬ ಹಟ. ಅವರಿಗೆ ಹಾರಿದ ದಾರಿಯನ್ನು ಬರೆದಿಡುವ ಯಂತ್ರ ಬೇಕಿತ್ತು — ಅದಿಲ್ಲದೆ ಯಾರೂ ನಂಬುವುದಿಲ್ಲವಂತೆ. ರೇಡಿಯೋ ರಿಪೇರಿ ಮಾಡುವ ನೀವು ಜಗ್ಗಲಿಲ್ಲ.

"ದಾರಿ ಬರಕೊಂಡು ಉಪ್ಪಿನಕಾಯಿ ಹಾಕ್ತೀಯೇನಲೇ? ಬಿದ್ದಿ ಅಂದ್ರ ಎಲ್ಲಿ ಬಿದ್ದಿ ಅಂತ ಅದು ಯಾರಿಗೂ ಒದರೂದಿಲ್ಲ. ಒದರೂದು ತಗೊ. ಜೋರ್ ಬಡದ್ರ ತಾನ ಉಪಗ್ರಹಕ್ಕ ಸುದ್ದಿ ಮುಟ್ಟಸ್ತೈತಿ, ಅಲ್ಲಿಂದ ಮನಿಗೆ, ವೈನಿಗೆ ಫೋನ್ ಬರ್ತೈತಿ."

"ನಾ ಬೀಳ್ತೇನಿ ಅಂತ ಈಗ ಬರದಿಟ್ಟೀಯೇನೋ ಜೋತಿಷಿ?"

ಕೊನೆಗೆ ಒದರುವ ಯಂತ್ರವೇ ಬಂತು. ಪ್ಯಾರಾಚೂಟಿನ ಪಟ್ಟಿಗೆ ನೀವೇ ಕೆಂಪು ಚೀಲ ಹೊಲಿದಿರಿ. ಹಾರುವ ಮುಂಚೆ ಅದನ್ನು ಒತ್ತಿ ನೋಡುವ ಕೆಲಸವೂ ನಿಮ್ಮದೇ ಆಯಿತು.

ನಮ್ಮ ಮನೆಯಲ್ಲಿ ಮಹಾನವಮಿಯ ಖಂಡೇಪೂಜೆಗಿಟ್ಟ ಕುಡಗೋಲನ್ನು ಸಹ ಮರುದಿನದ ತನಕ ಯಾರೂ ಮುಟ್ಟುವುದಿಲ್ಲ. ತಕ್ಕಡಿ, ಸೈಕಲ್ಲು, ಹೊಲಿಗೆ ಯಂತ್ರ — ಎಲ್ಲಕ್ಕೂ ಅವತ್ತು ಬಿಡುವು. ಅವರಿಗೆ ಅವತ್ತೇ ಹಾರಬೇಕಿತ್ತು.

"ಇದೊಂದರ ದೇವರ ಮುಂದ ಇರ್ಲಿರಿ" ಎಂದೆ.

"ಯಾಕ, ನಿನ್ನ ದೇವ್ರಿಗೆ ಬ್ಯಾಟರಿ ಕಡಿಮಿ ಬಿದ್ದೈತೇನ?" ಎಂದು ನಕ್ಕರು.

ಆ ನಗೆಗೆ ಮೈಯೆಲ್ಲ ಉರಿಯಿತು. ಅವರು ಸ್ನಾನಕ್ಕೆ ಹೋದಾಗ ಯಂತ್ರವನ್ನು ತೆಗೆದು ದೇವರ ಜಗಲಿಯ ಮೇಲೆ ಚೆಂಡುಹೂವಿನ ಕೆಳಗಿಟ್ಟೆ. ಅಷ್ಟೇ ಗಾತ್ರದ ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ತುರುಕಿದೆ. ಶಿವನೇ ಕಾಯಲಿ ಎಂದು — ಅಲ್ಲ, ಅದು ಅರ್ಧ ಸತ್ಯ. ಚೀಲ ಬರಿದಾಗಿ ಕಾಣದಿರಲಿ ಎಂದೂ ಇಟ್ಟೆ. ಮೈದಾನದಲ್ಲಿ ನೀವು ಒತ್ತಿ ನೋಡಿದಿರಿ. ಗಟ್ಟಿಯಾಗಿತ್ತು.

ಸುರೇಬಾನದ ಆಚೆ ಗಾಳಿ ಕೈಕೊಟ್ಟಿತು. ಗ್ಲೈಡರು ಕಬ್ಬಿನೊಳಗೆ ಬಿದ್ದು ಬದುವಿಗೆ ಬಡಿಯಿತು. ಅವರಿಗೆ ಎಚ್ಚರ ತಪ್ಪಿತು. ಕಬ್ಬು ಮೇಲಿಂದ ಮುಚ್ಚಿಕೊಂಡಿತು. ಅವರನ್ನು ಕಾಯಲು ಜೀಪಿನಲ್ಲಿ ಮುಂದೆ ಹೋಗಿದ್ದ ನೀವು ಮೂರು ಗಂಟೆಗೆ ರಾಮದುರ್ಗದಿಂದ ಫೋನ್ ಮಾಡಿದಿರಿ.

"ವೈನಿ, ಫೋನ್ ಬಂತೇನ್ರಿ?"

"ಇಲ್ಲ."

"ಬಂದಿಲ್ಲ ಅಂದ್ರ ಚಲೋನ ಆತು. ಎಲ್ಲೋ ಆರಾಮ ಇಳದಾನ. ನೀವು ಚಾ ಕುಡೀರಿ."

ಜಗಲಿ ನನ್ನ ಕಣ್ಣೆದುರಿಗೇ ಇತ್ತು. ಆ ಫೋನು ಬರಲಾರದು ಎಂದು ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಂದು ಮಾತು ಸಾಕಾಗಿತ್ತು — ನಾನು ಫೋನ್ ಇಟ್ಟೆ. ನೀವು ನನ್ನ "ಇಲ್ಲ"ವನ್ನು ನಂಬಿ ಬಯಲು ಹೊಲಗಳಲ್ಲಿ ಹುಡುಕಿದಿರಿ, ಆ ಕಬ್ಬಿನ ಪಕ್ಕದಲ್ಲೇ ಎರಡು ಸಲ ಜೀಪು ಓಡಿಸಿದಿರಿ. ಅವರು ಸಿಕ್ಕಿದ್ದು ಹೊತ್ತು ಮುಳುಗುವಾಗ. ಎರಡು ತಾಸು ಮೊದಲೇ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಚೀಲ ಮೊದಲು ನನ್ನ ಕೈಗೆ ಬಂತು. ಪುಡಿಯಾದ ವಿಭೂತಿಯನ್ನು ಕೈ ತೊಳೆಯುವಲ್ಲಿ ಸುರಿದು ನೀರು ಬಿಟ್ಟೆ — ಹಣೆಗೆ ಹಚ್ಚುವ ವಿಭೂತಿಯನ್ನು! ಮರುದಿನ ಯಂತ್ರವನ್ನು ತಂದು ಎಲ್ಲರೆದುರು ಅಂದೆ: "ಕಪಾಟಿನಾಗ ಇತ್ರಿ."

"ಒತ್ತಿ ನೋಡಿದ್ನಂತ!" ನಮ್ಮ ಭಾವನವರು ನಿಮ್ಮ ಮೇಲೆ ಹರಿಹಾಯ್ದರು. "ಏನ್ ಒತ್ತಿದ್ಯೋ? ನಿನ್ನ ಕಿಸೆ ಒತ್ತಿದ್ಯೇನ?"

"ದೇವರಾಣೆ ಇತ್ರಿ ಅಣ್ಣಾರ. ವೈನಿ, ನೀವರ ಹೇಳ್ರಿ."

ನಾನು ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತೆ. ಅಳು ನಿಜವೇ. ಅದಕ್ಕೇ ಎಲ್ಲರೂ ನಂಬಿದರು. ನಮ್ಮವರು ಗೋಡೆಯ ಕಡೆ ಹೊರಳಿದರು. ಆಮೇಲೆ ನಿಮ್ಮ ಹೆಸರೆತ್ತಲಿಲ್ಲ. ನೀವು ಮುರಗೋಡಕ್ಕೆ ಅಂಗಡಿ ಎತ್ತಿಕೊಂಡು ಹೋದಿರಿ. ಅಲ್ಲಿಗೂ ಆ ಮಾತು ನಿಮ್ಮ ಹಿಂದೆಯೇ ಬಂತೆಂದು ಕೇಳಿದೆ.

ನೋಡಲು ಬಂದ ಹೆಂಗಸರು "ನಿನ್ನ ಪೂಜಿನ ಉಳಿಸ್ತವ್ವಾ ಅವನ್ನ" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ! ನೆನೆದರೆ ಹಲ್ಲು ಕಡಿಯುವಷ್ಟು ಸಿಟ್ಟು — ನಮ್ಮವರ ಮೇಲೆ, ನಿಮ್ಮ ಯಂತ್ರಕ್ಕೆ ನಕ್ಕ ಹಾಗೆ ನನ್ನ ದೇವರಿಗೂ ನಕ್ಕವರ ಮೇಲೆ. ಎಲ್ಲಕ್ಕಿಂತ, ದೇವರ ಹೆಸರಿನ ಹಿಂದೆ ಅಡಗಿ ಕುಳಿತ ಈ ಮುದುಕಿಯ ಮೇಲೆ. ಜೀವ ಉಳಿಯಿತು, ಕಣ್ಣು ಉಳಿದವು, ಒಂದು ಕಾಲು ಉಳಿಯಿತು ಎಂದು ದಿನಾ ಶಿವನ ಮುಂದೆ ಎಣಿಸಿದೆ. ಆ ದಯೆಗೆ ನಿಮ್ಮ ಮಾನವನ್ನು ತೆತ್ತದ್ದನ್ನು ಒಂದು ದಿನವೂ ಹೇಳಲಿಲ್ಲ.

ಇವತ್ತು ಊಟಕ್ಕೆ ಕುಳಿತಾಗ ನಮ್ಮವರಿಗೆ ಹೇಳಿದೆ. ತುತ್ತು ಕೈಯಲ್ಲೇ ನಿಂತಿತು. ಕೇಳಿದರು: "ಈರ್ಯಾಗ ಹೇಳೀಯೇನ?"

"ಇಲ್ರಿ."

"ಹಂಗಾರ ನನಗ್ಯಾಕ ಮೊದಲ ಹೇಳಿದಿ?"

ತಾಟು ಸರಿಸಿ ಎದ್ದರು.

ನಾಳೆ ಮುರಗೋಡಕ್ಕೆ ಬರುತ್ತೇನೆ. ಕ್ಷಮಿಸಿ ಎನ್ನಲು ಅಲ್ಲ. ಆ ಮಾತು ಆಡುವ ಮುಖ ನನಗಿಲ್ಲ. ನಿಮ್ಮನ್ನು ಮಂದಿಯೆದುರು ಅಂದರು. ನಾನೂ ಮಂದಿಯೆದುರೇ, ನಿಮ್ಮ ಅಂಗಡಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೂ ಹೇಳುತ್ತೇನೆ.