ದಾರಿ ಮುಚ್ಚುವುದರೊಳಗೆ

ನನ್ನ ಗಂಡನ ಕಣ್ಣು ಪೂರ್ತಿ ಹೋಗುವುದರೊಳಗೆ ಅವರಿಗೆ ಹಿಮಾಲಯ ತೋರಿಸಬೇಕು. ಆ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ. ಕುಕ್ಕರ್ ಕೂಗಿದರೂ ಅದೇ ಯೋಚನೆ, ಬಟ್ಟೆ ಒಣಹಾಕುವಾಗಲೂ ಅದೇ. ನಾಸಿಕದ ಡಾಕ್ಟರು ಹೇಳಿದ್ದನ್ನೇ ಸಂಭಾಜಿನಗರದ ದೊಡ್ಡ ಡಾಕ್ಟರೂ ಹೇಳಿದರು. ಎರಡೂ ಪಕ್ಕದಿಂದ ಕತ್ತಲೆ ಒಳಕ್ಕೆ ಸರಿಯುತ್ತಿದೆ, ಇದಕ್ಕೆ ಔಷಧಿಯಿಲ್ಲ, ನಡುವೆ ಉಳಿದಿರುವ ನೋಟ ಎಷ್ಟು ದಿನ ಇರುತ್ತದೆಂದು ಹೇಳಲಾಗದು. ಹೇಳಲಾಗದು ಎನ್ನುವುದಕ್ಕೆ ಇಷ್ಟೆಲ್ಲ ಓದಬೇಕಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು.

ನಾವು ಬೀದರ್ ಕಡೆಯಿಂದ ಬಂದು ನಾಸಿಕದ ಹತ್ತಿರ ನೆಲೆಸಿದವರು; ಇವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ಕೆಲಸದವರು. ರೆಕ್ಕೆಯ ತಗಡು ಕೂಡಿಸುವ ರಿವೆಟ್ಟು ಮೊಳೆಗಳನ್ನು ಒಂದೊಂದಾಗಿ ನೋಡಿ ಸರಿಯೋ ತಪ್ಪೋ ಹೇಳಬೇಕು. ಆಸ್ಪತ್ರೆಯಿಂದ ಮರಳುವಾಗ ವೈಜಾಪುರದಲ್ಲಿ ಚಹಾಕ್ಕೆ ನಿಂತೆವು. ಅಲ್ಲಿ ಇವರು ಒಂದೇ ಮಾತು ಹೇಳಿದರು. “ಜಿಂದಗಿಪೂರಾ ಸಣ್ಣ ಸಣ್ಣದು ನೋಡೂದೇ ಆತು. ಒಮ್ಮ್ಯಾರ ಏನರ ದೊಡ್ಡದು ನೋಡಬೇಕು ಅನಸತದ.” ಅಷ್ಟು ಹೇಳಿ, ಪಕ್ಕದಲ್ಲೇ ಇದ್ದ ಕಪ್ಪಿಗಾಗಿ ಬೆಂಚಿನ ಮೇಲೆ ಕೈಯಾಡಿಸಿದರು. ನಾನು ಕಪ್ಪನ್ನು ಅವರ ಮುಂದಕ್ಕೆ ಸರಿಸಿದೆ.

ಹೋಟೆಲಿನಿಂದ ಹೋಟೆಲಿಗೆ ಅಲೆಯುವುದು ಅವರಿಂದ ಆಗದು. ಮಬ್ಬಾದರೆ ಅವರಿಗೆ ಏನೂ ಕಾಣುವುದಿಲ್ಲ. ದಿನಕ್ಕೊಂದು ಹೊಸ ಮೆಟ್ಟಿಲು, ಹೊಸ ಬಚ್ಚಲು ಎಂದರೆ ಬಿದ್ದು ಕೈಕಾಲು ಮುರಿದುಕೊಳ್ಳುವುದೇ. ಹಾಗಾಗಿ ಗಾಡಿಯೇ ಮನೆಯಾಗಿರುವಂಥದ್ದು ಬೇಕಿತ್ತು. ಒಳಗೆ ಮಂಚ, ಒಲೆ, ಬಚ್ಚಲು, ಸಂಡಾಸು ಎಲ್ಲವೂ ಇರುವ ಕ್ಯಾರವಾನ್. ಹೊರಗಿನ ಊರು ದಿನಾ ಬದಲಾದರೂ ಒಳಗಿನ ಮನೆ ಅದೇ ಇರುತ್ತದೆ, ಕೈಗೆ ರೂಢಿಯಾಗುತ್ತದೆ. ಸಂಭಾಜಿನಗರದ ಆಚೆ ವಾಳೂಜ್‌ನಲ್ಲಿ ಇಂಥ ಗಾಡಿ ಕಟ್ಟಿ ಬಾಡಿಗೆಗೆ ಕೊಡುವವರೊಬ್ಬರು ಸಿಕ್ಕರು. ಓಡಿಸುವವಳು ನಾನೇ. ಚಾಂದವಡ್ ಕಡೆಯ ಹೆದ್ದಾರಿಯಲ್ಲಿ ಟೆಂಪೊ ಕಲಿತೆ. ಲಾಸಲಗಾಂವ್ ಸಂತೆಯಿಂದ ಈರುಳ್ಳಿ ಹೇರಿಕೊಂಡು ಬರುವ ಲಾರಿಯವರು ಹಾರ್ನ್ ಹೊಡೆದು ಹೊಡೆದು ನನ್ನ ಕಿವಿ ತೂತು ಮಾಡಿದರು. ನಾನೂ ಅವರಿಗೆ ಬೀದರ್ ಕನ್ನಡದಲ್ಲಿ ಬಾಯ್ತುಂಬ ಬೈದೆ. ಅವರಿಗೆ ತಿಳಿಯಲಿಲ್ಲ, ನನಗೆ ಹಗುರಾಯಿತು.

ಮಗಳು ಫೋನಿನಲ್ಲಿ ದಾರಿ ಹುಡುಕಿದಳು. ಧುಳೆ, ಇಂದೋರ್, ಹಾಗೇ ಮೇಲೆ ಮೇಲೆ ಮನಾಲಿ, ಅಲ್ಲಿಂದ ಘಾಟು ಹತ್ತಿ ಸ್ಪಿತಿ ಕಣಿವೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. “ಆಯೀ, ದಿವಾಳೀ ನಂತರ್ ರಸ್ತಾ ಬಂದ್,” ಎಂದಳು. ದೀಪಾವಳಿಯ ಆಸುಪಾಸು ಹಿಮ ಬಿದ್ದು ಘಾಟು ಮುಚ್ಚುತ್ತದೆ, ಮತ್ತೆ ತೆರೆಯುವುದು ಮುಂದಿನ ಬೇಸಿಗೆಗೆ. ಆಗಲೇ ಗಣಪತಿ ಹಬ್ಬ ಮುಗಿದಿತ್ತು. ಮುಂದಿನ ಬೇಸಿಗೆಗೆ ಇವರ ಕಣ್ಣು ಇರುತ್ತದೆಯೇ? ಯಾರನ್ನು ಕೇಳಲಿ?

ಇಷ್ಟರಲ್ಲಿ ಅತ್ತೆಯವರು ಅಡ್ಡ ಬಂದರು.

ಅವರಿಗೆ ಮಗನ ಕಣ್ಣಿನ ವಿಷಯ ಗೊತ್ತಿರಲಿಲ್ಲ. ನಾವೇ ಮುಚ್ಚಿಟ್ಟಿದ್ದೆವು. ಇದು ತಾಯಿಯ ಕಡೆಯಿಂದ ಬರುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದರು. ಅತ್ತೆಯವರ ಅಣ್ಣ ಕೊನೆಕೊನೆಗೆ ಗೋಡೆ ಹಿಡಿದು ನಡೆಯುತ್ತಿದ್ದರಂತೆ. ತಿಳಿದರೆ ಈ ಮುದುಕಿ ತನ್ನಿಂದಲೇ ಆಯಿತೆಂದು ಎದೆ ಒಡೆದುಕೊಂಡಾಳು ಎಂದು ಇವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಎಲ್ಲವೂ ಕೈಗೆ ರೂಢಿ, ಗುಟ್ಟು ನಡೆಯುತ್ತಿತ್ತು. ಎಲ್ಲಾದರೂ ಎಡವಿದರೆ ಅತ್ತೆಯವರು, “ಸಣ್ಣಾಂವ ಇದ್ದಾಗಿಂದ ಇಂವ ಹಿಂಗೇ, ಮ್ಯಾಲ ನೋಡಕೋತ ನಡಿತಾನ,” ಎಂದು ನಗುತ್ತಿದ್ದರು. ನಾನೂ ನಗಬೇಕಿತ್ತು. ಆ ನಗು ನಕ್ಕವರಿಗೇ ಗೊತ್ತು.

ಅವರ ತಕರಾರು ಇಷ್ಟೇ. ಸ್ನಾನ ಮಾಡಿ, ಇಷ್ಟಲಿಂಗದ ಪೂಜೆ ಮುಗಿಸದೆ ಅವರು ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಗಾಡಿಯಲ್ಲಿ ಸಂಡಾಸು, ಒಲೆ, ಪೂಜೆ ಮೂರೂ ಒಂದೇ ಡಬ್ಬಿಯಲ್ಲಿ! “ಸಂಡಾಸದ ಬಾಜೂಕ ಕುಂತು ಲಿಂಗ ಕೈಯಾಗ ಹಿಡೀಲೇನು? ಅದನ್ನ ತಗಸ್ರಿ, ಇಲ್ಲಾಂದ್ರ ನಾ ಬರೂದಿಲ್ಲ.” ಅವರನ್ನು ಬಿಟ್ಟು ಹೋಗುವ ಮಾತನ್ನು ಇವರು ಕೇಳಲೂ ತಯಾರಿರಲಿಲ್ಲ. ವಾಳೂಜಿನ ಮಾಲೀಕರಿಗೆ ಫೋನ್ ಮಾಡಿದೆ. ಸಂಡಾಸು ಕಿತ್ತು ಹಿಂದಕ್ಕೆ ಸರಿಸಿ ಬೇರೆ ಬಾಗಿಲು ಕೂರಿಸಬಹುದು, ಆದರೆ ಕೆಲಸ ಮುಗಿಯುವಾಗ ದೀಪಾವಳಿಯಾಗುತ್ತದೆ ಎಂದರು. ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತೆ. ಸಂಡಾಸಿನ ಸಲುವಾಗಿ ಹಿಮಾಲಯ ತಪ್ಪಿತಲ್ಲ ಎಂದು ನಗು ಬಂತು, ನಗುತ್ತಲೇ ಅಳು ಬಂತು. ಎದ್ದು ಹೋಗಿ ಎಲ್ಲ ಹೇಳಿಬಿಡಲೇ ಎನ್ನಿಸಿತು. ಆಣೆ ಬಾಯಿ ಕಟ್ಟಿತ್ತು.

ಕೊನೆಗೆ ಕಾಲು ಹಿಡಿಯುವುದೊಂದು ಬಾಕಿ. “ಅತ್ತೀ, ಒಮ್ಮಿ ಬಂದು ಗಾಡಿ ಕಣ್ಣಾರೆ ನೋಡ್ರಿ. ಆಮ್ಯಾಲ ಬ್ಯಾಡಂದ್ರ ಬ್ಯಾಡ,” ಎಂದು ಗೋಗರೆದೆ. ಅವರು ಒಪ್ಪಿದ್ದೂ ತಮ್ಮದೇ ರೀತಿಯಲ್ಲಿ. “ಅಲ್ಲೇ ಕುಂತು ಪೂಜಿ ಮಾಡಿ ನೋಡತೀನಿ. ಮನಸ ನಿಂತರ ನಿಂತೀತು.” ಬೆಳಿಗ್ಗೆ ಸ್ನಾನ ಮಾಡಿ, ನೀರು ಕೂಡ ಕುಡಿಯದೆ ನಮ್ಮ ಜೊತೆ ಹೊರಟರು. ಮಗಳು ಶಾಲೆಗೆ ಹೋದಳು.

ಗಾಡಿಯ ಒಳಗೆ ಹೊಸ ಹಲಗೆಯ ವಾಸನೆ. ಮಾಲೀಕರು ಎಲ್ಲ ತೋರಿಸಿ, ಪೂಜೆಗೆ ಅಡ್ಡಿಯಾಗಬಾರದೆಂದು ಹೊರಗೆ ನಿಂತರು. ಅತ್ತೆಯವರು ಸೀಟಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂತರು. ವಿಭೂತಿ ಹಚ್ಚಿ, ಕೊರಳ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೈ ಮುಂದೆ ಚಾಚಿದರು. “ನೀರ ತಾರಪ್ಪಾ,” ಎಂದರು. ಇವರು ತಂಬಿಗೆ ಹಿಡಿದು ಮೆಟ್ಟಿಲು ಹತ್ತಿ ತಾಯಿಯ ಮುಖವನ್ನೇ ನೋಡುತ್ತ ಬಂದರು. ತಂಬಿಗೆ ನೇರ ಹೋಗಿ ಆ ಕೈಗೆ ಬಡಿಯಿತು. ಲಿಂಗ ಕೆಳಗೆ ಬಿತ್ತು.

ಮೈಯಿಂದ ಎಂದೂ ಅಗಲದ ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮವರಿಗೆ ಜೀವವೇ ಬಿದ್ದ ಹಾಗೆ. ಅತ್ತೆಯವರು “ಶಿವನೇ!” ಎಂದು ಕೂಗಿದರು. ಇವರು ತಂಬಿಗೆ ಬಿಸಾಕಿ ಮೊಣಕಾಲೂರಿ ಹುಡುಕತೊಡಗಿದರು. ಲಿಂಗ ಉರುಳಿ ಇವರ ಎಡ ಮೊಣಕಾಲಿನ ಪಕ್ಕದಲ್ಲೇ ನಿಂತಿತ್ತು. ಬೂದುಬಣ್ಣದ ನೆಲದ ಮೇಲೆ ಕರೀ ಲಿಂಗ, ತೆರೆದ ಬಾಗಿಲಿನಿಂದ ಬಿಸಿಲು ನೇರ ಅದರ ಮೇಲೆ. ಇವರು ಮುಂದೆ ನೋಡುತ್ತ ಎರಡೂ ಅಂಗೈಯಿಂದ ನೆಲ ಸವರುತ್ತಿದ್ದರು. ಸೀಟಿನ ಕೆಳಗೆ ಸವರಿದರು, ಸಂಡಾಸಿನ ಬಾಗಿಲ ಮೂಲೆ ಸವರಿದರು. “ಎಲ್ಲಿ ಹೋತವ್ವಾ? ಎಲ್ಲಿ ಹೋತದು?” ನಾನು ಹೇಳಬೇಕೆಂದು ಬಾಯಿ ತೆರೆದೆ. ಅತ್ತೆಯವರು ಕೈಯೆತ್ತಿ ನನ್ನನ್ನು ತಡೆದರು.

ಅವರು ಲಿಂಗವನ್ನು ನೋಡುತ್ತಿರಲಿಲ್ಲ, ಮಗನನ್ನು ನೋಡುತ್ತಿದ್ದರು. ಕೊನೆಗೆ ತಾವೇ ಬಗ್ಗಿ ಲಿಂಗ ಎತ್ತಿ ಕಣ್ಣಿಗೊತ್ತಿಕೊಂಡರು.

“ಸಿಕ್ಕತು, ಏಳು,” ಎಂದರು. ಆಮೇಲೆ ಮೆಲ್ಲಗೆ, “ನಮ್ಮ ಅಣ್ಣನಂಗೇನು?”

ಇವರು ನೆಲದ ಮೇಲೆ ಕೂತಲ್ಲೇ ಹೌದೆಂದು ತಲೆಯಾಡಿಸಿದರು.

“ನಾ ಎಷ್ಟು ಕಾಣತೀನಿ ನಿನಗ?”

“ಮಾರಿ ಕಾಣತದವ್ವಾ. ಕೈ ಕಾಣೂದಿಲ್ಲ.”

ಅತ್ತೆಯವರು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಲಿಂಗ ಹಿಡಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಸದ್ದು ಕೇಳಿ ಮಾಲೀಕರು ಬಾಗಿಲಲ್ಲಿ ಇಣುಕಿ, ಏನು ನಿರ್ಧಾರ ಮಾಡಿದಿರಿ, ಸಂಡಾಸು ಕೀಳಿಸಲೇ ಎಂದು ಮರಾಠಿಯಲ್ಲಿ ಕೇಳಿದರು. ಇಷ್ಟು ವರ್ಷ ಇಲ್ಲಿದ್ದರೂ ಅತ್ತೆಯವರ ಮರಾಠಿ ತರಕಾರಿ ಕೊಳ್ಳುವಷ್ಟೇ.

“ಕಾಢೂ ನಕಾ,” ಎಂದರು. ತೆಗೆಯಬೇಡಿ. ಮತ್ತೆ ನನ್ನ ಕಡೆ ತಿರುಗಿ, “ರಸ್ತಾ ಯಾವಾಗ ಬಂದ್ ಆಗತದ ಅಂದಿ?”

“ದೀಪಾವಳಿಗ್ರಿ, ಅತ್ತೀ.”

“ಅಷ್ಟ ದಿನ ಯಾಕ ಕೂತೇವಿ? ಈ ಸೋಮವಾರ ಹೋಗೂಣು.”

ಇವರು ನೆಲದ ಮೇಲಿನ ನೀರು ಒರೆಸಿ, ತಂಬಿಗೆ ತುಂಬಿ ತಂದು ತಾಯಿಯ ಮುಂದೆ ನಿಂತರು. ಬಿದ್ದ ಲಿಂಗಕ್ಕೆ ಏನು ಮಾಡಬೇಕೆಂದು ಅತ್ತೆಯವರು ಊರಿನ ಸ್ವಾಮಿಗಳನ್ನು ಕೇಳಿಯೇ ಪೂಜೆ ಮಾಡುತ್ತಾರೆಂದು ನಾನು ತಿಳಿದಿದ್ದೆ. ಅವರು ಕೇಳಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರು. ಕೈಯನ್ನು ಮುಂದಕ್ಕೆ ಚಾಚದೆ ಮೇಲಕ್ಕೆತ್ತಿದರು, ತಮ್ಮ ಗಲ್ಲಕ್ಕೆ ತಾಗುವ ಹಾಗೆ.

“ಈಗ ಕಾಣತದೇನಪ್ಪಾ?”

“ಕಾಣತದವ್ವಾ,” ಎಂದು ಇವರು ನೀರು ಹಾಕಿದರು.